ಈ ವರ್ಷದ ಗ್ರೂಪ್ ಫೋಟೋ ನಾವೇ ತೆಗೆಯೋಣ



ಪ್ರತಿ ವರ್ಷ ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರನ್ನು ಬೀಳ್ಕೊಡುವ ಸಮಾರಂಭ ನಡೆಯುತ್ತದೆ. ಆ ದಿನ ಪೇಟೆಯಿಂದ ಸ್ಟುಡಿಯೋದವರು ಬಂದು ಗ್ರೂಪ್ ಫೋಟೋ ತೆಗೆಯುತ್ತಾರೆ. ಈ ಸಲ ಆ ಫೋಟೋವನ್ನು ನಾವೇ ತೆಗೆಯಬೇಕು, ಅದಕ್ಕಾಗಿ ಈಗಿನಿಂದಲೇ ಫೋಟೋ ತೆಗೆಯುವುದನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ನಗಲಿ. ಪೂರ್ತಿ ಓದಿ ಆಮೇಲೆ ನಗಬೇಕೆಂದು ಅವರಲ್ಲಿ ವಿನಂತಿ.

ಹೋದ ವರ್ಷದ ಫೋಟೋ ಹೆಡ್‌ಮಾಸ್ಟರ್ ಕೋಣೆಯಲ್ಲಿ ನೇತುಹಾಕಿದೆ. ಹೋಗಿ ನೋಡಿ. ಅದರಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ, ಇಪ್ಪತ್ತಾರು ಜನರ ಮುಖವೂ ಸುಣ್ಣ ಬಳಿದ ಗೋಡೆಯ ಹಾಗೆ ಒಂದೇ ಬಣ್ಣ. ನಮ್ಮಕ್ಕನೂ ಅದರಲ್ಲಿದ್ದಾಳೆ. ಫೋಟೋ ಮನೆಗೆ ತಂದಾಗ ನಮ್ಮವ್ವ "ಇದ್ರಾಗೆ ನೀನ್ಯಾವಳೇ?" ಅಂತ ಕೇಳಿತು. ಹೆತ್ತ ತಾಯಿಗೇ ಗುರುತು ಸಿಗಲಿಲ್ಲ! ಅಕ್ಕನ ಗದ್ದದ ಮೇಲೆ ಒಂದು ಮಚ್ಚೆ ಇದೆ, ಅದೂ ಮಾಯ. ಸ್ಟುಡಿಯೋದವರನ್ನು ಕೇಳಿದ್ದಕ್ಕೆ, "ಎಲ್ರೂ ಬೆಳ್ಳಗೆ ಮಾಡಿ ಅಂತಾರಮ್ಮ, ಅದಕ್ಕೇ ಮಾಡಿದ್ದು" ಅಂದರಂತೆ. ಯಾರು ಹೇಳಿದ್ದು? ಅಕ್ಕ ಹೇಳಿರಲಿಲ್ಲ. ಅವಳ ಗೆಳತಿಯರೂ ಹೇಳಿರಲಿಲ್ಲ. ಒಂದು ಕಾಪಿಗೆ ನೂರೈವತ್ತು ರೂಪಾಯಿ. ಆರು ಜನ ದುಡ್ಡಿಲ್ಲದೆ ತೆಗೆದುಕೊಳ್ಳಲೇ ಇಲ್ಲ. ಹೀಗೆ ಏಳು ವರ್ಷ ಒಟ್ಟಿಗೆ ಓದಿದವರಲ್ಲಿ ಆರು ಜನರ ಹತ್ತಿರ ಆ ವರ್ಷಗಳ ಒಂದು ನೆನಪೂ ಇಲ್ಲ. ಉಳಿದವರ ಹತ್ತಿರ ಬೇರೆ ಯಾರದೋ ಮುಖ ಇದೆ.

ಮುಖ ಬಿಳಿ ಮಾಡುವ ಚಟ ನಮ್ಮ ಪೇಟೆಯಲ್ಲೇ ಹುಟ್ಟಿದ್ದಲ್ಲ. ಇದರ ಬಗ್ಗೆ ವಿಜ್ಞಾನದ ಮೇಷ್ಟ್ರು ಒಂದು ಸಂಗತಿ ಹೇಳಿದರು, ನನಗೆ ಬಹಳ ಆಶ್ಚರ್ಯವಾಯಿತು. ಮೊದಲು ಫೋಟೋಗಳನ್ನು ರೀಲಿನಲ್ಲಿ ತೆಗೆಯುತ್ತಿದ್ದರಲ್ಲ, ಅಮೆರಿಕದ ಕೊಡಾಕ್ ಕಂಪನಿ ಆ ಕಲರ್ ರೀಲು ಮಾಡುತ್ತಿತ್ತು. ಬಣ್ಣ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕೊಡುತ್ತಿದ್ದರು. ಅದರಲ್ಲಿ ಇರುತ್ತಿದ್ದದ್ದು ಒಬ್ಬ ಬಿಳಿ ಹೆಂಗಸಿನ ಚಿತ್ರ. ಆ ಕಾರ್ಡಿಗೆ ಶರ್ಲಿ ಕಾರ್ಡ್ ಎಂದೇ ಹೆಸರು. ಅವಳ ಮುಖ ಚೆನ್ನಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಜನರ ಮುಖ ಅದರಲ್ಲಿ ಮಸಿ ಬಳಿದಂತೆ ಬರುತ್ತಿತ್ತು, ಕಣ್ಣು ಹಲ್ಲು ಮಾತ್ರ ಕಾಣುತ್ತಿತ್ತು. ಆಮೇಲೆ ಕಂದು ಬಣ್ಣ ಸರಿಯಾಗಿ ಬರುವಂತೆ ರೀಲು ಸುಧಾರಿಸಿದರು. ಅದಕ್ಕೆ ಮುಖ್ಯ ಕಾರಣ ಏನು ಗೊತ್ತೇ? ಚಾಕೊಲೇಟ್ ಮಾಡುವವರೂ ಮರದ ಕುರ್ಚಿ ಮೇಜು ಮಾಡುವವರೂ ತಮ್ಮ ಜಾಹೀರಾತಿನಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ ಎಂದು ದೂರು ಕೊಟ್ಟರಂತೆ! ಮನುಷ್ಯರ ಮುಖಕ್ಕೆ ಇಲ್ಲದ ಬೆಲೆ ಚಾಕೊಲೇಟಿಗೆ ಬಂತು. ಈಗ ರೀಲಿನ ಕಾಲ ಹೋಗಿದೆ, ನಮ್ಮ ಬಣ್ಣ ಇದ್ದ ಹಾಗೇ ಬರುವ ಕ್ಯಾಮೆರಾ ಎಲ್ಲರ ಮನೆಯ ಮೊಬೈಲಿನಲ್ಲಿ ಇದೆ. ಇಂಥ ಕಾಲದಲ್ಲಿ ನಾವೇ "ಬ್ಯೂಟಿ" ಅಂತ ಗುಂಡಿ ಒತ್ತಿ ಮುಖಕ್ಕೆ ಸುಣ್ಣ ಹೊಡೆದುಕೊಳ್ಳುವುದು ಯಾವ ನ್ಯಾಯ?

ಇನ್ನು ಕ್ಯಾಮೆರಾ ವಿಷಯ. "ಫೋಟೋ ಕಲೀಬೇಕಂದ್ರೆ ದೊಡ್ಡ ಕ್ಯಾಮೆರಾ ಬೇಕು, ಲೆನ್ಸು ಬೇಕು, ಲಕ್ಷ ರೂಪಾಯಿ ಬೇಕು" ಎಂದು ನಮ್ಮ ಮಾವ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಲಿಯಲು ದೊಡ್ಡ ಕ್ಯಾಮೆರಾ ಬೇಡ. ಬೇಕಾದರೆ ಲೆಕ್ಕ ಮಾಡಿ. ಒಳ್ಳೆಯ ಪ್ರಿಂಟಿಗೆ ಒಂದು ಇಂಚಿಗೆ 300 ಚುಕ್ಕಿ ಬೇಕು ಅನ್ನುತ್ತಾರೆ. 6 ಇಂಚು ಉದ್ದ 4 ಇಂಚು ಅಗಲದ ಫೋಟೋಗೆ 1800 ಗುಣಿಸು 1200, ಅಂದರೆ 21 ಲಕ್ಷ 60 ಸಾವಿರ ಚುಕ್ಕಿ. ಗೋಡೆಗೆ ಹಾಕುವ 12 ಇಂಚು 8 ಇಂಚಿನದಕ್ಕೆ 86 ಲಕ್ಷ 40 ಸಾವಿರ. ನಮ್ಮ ಮನೆಯ ಹಳೇ ಮೊಬೈಲು, ಗಾಜು ಒಡೆದದ್ದು, 4000 ಗುಣಿಸು 3000 ಅಳತೆಯ ಫೋಟೋ ತೆಗೆಯುತ್ತದೆ. ಅದು 1 ಕೋಟಿ 20 ಲಕ್ಷ ಚುಕ್ಕಿ! ಹೆಚ್ಚೇ ಆಯಿತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿ ಬರುತ್ತಿದ್ದದ್ದು ಬರೀ 10 ಸಾವಿರ ಚುಕ್ಕಿ. ತೂಕ ಮೂರೂವರೆ ಕಿಲೋಗಿಂತ ಹೆಚ್ಚು. ಒಂದು ಫೋಟೋ ಕ್ಯಾಸೆಟ್ಟಿಗೆ ಹೋಗಲು 23 ಸೆಕೆಂಡ್ ಬೇಕಿತ್ತು.

ದೊಡ್ಡ ಕ್ಯಾಮೆರಾ ದಂಡ ಅಂತ ನಾನು ಹೇಳುತ್ತಿಲ್ಲ. ಅದರೊಳಗಿನ ಬೆಳಕು ಹಿಡಿಯುವ ಸೆನ್ಸರು ಮೊಬೈಲಿನದಕ್ಕಿಂತ ಬಹಳ ದೊಡ್ಡದು, ಕತ್ತಲಲ್ಲಿ ಚೆನ್ನಾಗಿ ಬರುತ್ತದೆ, ದೂರದ ಹಕ್ಕಿ ಸಿಗುತ್ತದೆ. ಮೊಬೈಲಿನಲ್ಲಿ ಬೆರಳಿಂದ ಎಳೆದು ದೊಡ್ಡದು ಮಾಡಿದರೆ ಹೆಚ್ಚಿನ ಸಲ ಚಿತ್ರ ಹತ್ತಿರ ಬರಲ್ಲ, ಮಸುಕಾಗತ್ತೆ ಅಷ್ಟೆ. ಆದರೆ ನಾವೇನು ಹುಲಿ ಫೋಟೋ ತೆಗೀತೀವಾ? ಹತ್ತು ಹೆಜ್ಜೆ ದೂರದಲ್ಲಿ ನಿಂತ ಮಕ್ಕಳದ್ದು ತಾನೆ. ನಡೆದು ಹತ್ತಿರ ಹೋದರಾಯಿತು.

ಕಲಿಯಬೇಕಾದ್ದು ಬೆಳಕು. ನಾವು ಸೂಜಿರಂಧ್ರ ಕ್ಯಾಮೆರಾ ಮಾಡಿದ್ದೆವಲ್ಲ, ಚಪ್ಪಲಿ ಡಬ್ಬಿ ಮತ್ತು ಎಣ್ಣೆ ಹಚ್ಚಿದ ಕಾಗದದಲ್ಲಿ? ಅದರಲ್ಲಿ ಹೊಂಗೆ ಮರ ತಲೆಕೆಳಗಾಗಿ ಕಂಡಾಗ ಎಲ್ಲರೂ ಕೂಗಿದ್ದೆವು. ಎಲ್ಲ ಕ್ಯಾಮೆರಾನೂ ಅದೇ ಡಬ್ಬಿ. 1826-27ರ ಸುಮಾರಿಗೆ ಫ್ರಾನ್ಸ್ ದೇಶದ ನೀಪ್ಸ್ ಎಂಬುವರು ತಮ್ಮ ಮನೆ ಕಿಟಕಿಯಿಂದ ಕಂಡದ್ದನ್ನು ಒಂದು ಲೋಹದ ತಗಡಿನ ಮೇಲೆ ಹಿಡಿದರು. ಈಗ ಉಳಿದಿರುವ ಕ್ಯಾಮೆರಾ ಚಿತ್ರಗಳಲ್ಲಿ ಅದೇ ಹಳೆಯದು. ಅದಕ್ಕೆ ಎಷ್ಟೋ ಗಂಟೆಗಳ ಬಿಸಿಲು ಬೇಕಾಯಿತು. ಈಗ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ, ಆದರೆ ಕೆಲಸ ಅದೇ: ಬೇಕಾದಷ್ಟು ಬೆಳಕು ಒಳಗೆ ಬಿಡುವುದು, ಸಾಕಾದಾಗ ಬಾಗಿಲು ಹಾಕುವುದು.

ನಲ್ಲಿ ಕೆಳಗೆ ಕೊಡ ಇಟ್ಟ ಹಾಗೆ ಎಂದುಕೊಂಡರೆ ಸುಲಭ. ನಲ್ಲಿ ಎಷ್ಟು ತಿರುಗಿಸಿದೆವು ಅನ್ನುವುದು ಅಪರ್ಚರ್. ಎಷ್ಟು ಹೊತ್ತು ಬಿಟ್ಟೆವು ಅನ್ನುವುದು ಶಟರ್. ಕೊಡ ಚಿಕ್ಕದೋ ದೊಡ್ಡದೋ ಅನ್ನುವುದು ಐಎಸ್‌ಒ. ಐಎಸ್‌ಒ ಜಾಸ್ತಿ ಮಾಡಿದರೆ ಕೊಡ ಚಿಕ್ಕದಾದ ಹಾಗೆ, ಸ್ವಲ್ಪ ನೀರಿಗೇ ತುಂಬುತ್ತದೆ, ಆದರೆ ಫೋಟೋ ಮೇಲೆ ರವೆ ಉದುರಿಸಿದಂತೆ ಆಗುತ್ತದೆ. ಶಟರ್ ಬಹಳ ಹೊತ್ತು ತೆರೆದಿದ್ದರೆ ಓಡುವ ಹುಡುಗ ಗೀಟಿನ ಹಾಗೆ ಬರುತ್ತಾನೆ. ಕಬಡ್ಡಿ ಆಟ ನಿಂತ ಹಾಗೆ ಬರಬೇಕಾದರೆ ಸೆಕೆಂಡಿನ ಐನೂರನೇ ಒಂದು ಭಾಗ ಇದ್ದರೆ ಒಳ್ಳೆಯದು. ಮೊಬೈಲಿನಲ್ಲಿ ಅಪರ್ಚರ್ ಸಾಮಾನ್ಯವಾಗಿ ಬದಲಾಗುವುದಿಲ್ಲ, ಉಳಿದ ಎರಡನ್ನು ಅದೇ ನೋಡಿಕೊಳ್ಳುತ್ತದೆ. ಅದು ನೋಡಿಕೊಳ್ಳುವುದರಲ್ಲೇ ಒಂದು ತಾಪತ್ರಯ ಇದೆ, ಅದನ್ನು ಎಲ್ಲರೂ ಗಮನವಿಟ್ಟು ಓದಿ.

ಕ್ಯಾಮೆರಾಗೆ ಯಾವುದು ಗೋಡೆ, ಯಾವುದು ಮುಖ ಎಂಬ ವಿವೇಕ ಕಡಿಮೆ. ಅದು ಇಡೀ ಚಿತ್ರದ ಬೆಳಕನ್ನು ಸರಾಸರಿ ಮಾಡಲು ನೋಡುತ್ತದೆ. ನಮ್ಮ ಶಾಲೆಯ ಮುಂದಿನ ಗೋಡೆ ಬಿಳಿ. ಅದಕ್ಕೆ ಹನ್ನೊಂದು ಗಂಟೆಯ ಬಿಸಿಲು. ಅದರ ಮುಂದೆ ನಮ್ಮನ್ನು ನಿಲ್ಲಿಸಿದರೆ, "ಅಬ್ಬಾ ಬೆಳಕು ಜಾಸ್ತಿ" ಎಂದು ಕ್ಯಾಮೆರಾ ಎಲ್ಲವನ್ನೂ ಮಂಕು ಮಾಡುತ್ತದೆ. ಗೋಡೆ ಸರಿಹೋಗುತ್ತದೆ, ನಾವು ಕರಕಲಾಗುತ್ತೇವೆ. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಗುಳಿಯಲ್ಲಿ ನೆರಳು ಬೇರೆ. ಆಗ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಕೂತು ಮುಖಗಳಿಗೆ ಸುಣ್ಣ ಹೊಡೆಯುತ್ತಾರೆ. ಅಂದರೆ ತಪ್ಪು ನಮ್ಮ ಬಣ್ಣದ್ದಲ್ಲ, ನಿಲ್ಲಿಸಿದ ಜಾಗದ್ದು! ಇದು ತಿಳಿದ ದಿನ ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ಆದ್ದರಿಂದ ನಾವು ಮೂವರು ಗೆಳತಿಯರು ಜಾಗ ಹುಡುಕಿದೆವು. ಶಾಲೆಯ ಹಿಂದುಗಡೆ, ಬಿಸಿಯೂಟದ ಕೋಣೆ ಪಕ್ಕದ ಉತ್ತರದ ಗೋಡೆ. ಜನವರಿ ಫೆಬ್ರವರಿಯಲ್ಲಿ ನಮ್ಮ ಕಡೆ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ, ಆದ್ದರಿಂದ ಆ ಗೋಡೆಯ ಬುಡ ದಿನವೆಲ್ಲ ನೆರಳು. ಗೋಡೆ 12 ಅಡಿ ಎತ್ತರ ಇದೆ. ಮಧ್ಯಾಹ್ನ ನೆರಳು ಅಳೆದಾಗ 8 ಅಡಿ ಸಿಕ್ಕಿತು. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಅಗಲ. ಮೂರು ಸಾಲು ನಿಲ್ಲಲು ಸಾಕು. ಗೋಡೆ ಹಳದಿ ಮಾಸಲು, ಕಣ್ಣಿಗೆ ಹೊಡೆಯುವುದಿಲ್ಲ. ಎದುರಿನ ಆಕಾಶದಿಂದ ತಂಪು ಬೆಳಕು ಬರುತ್ತದೆ, ಯಾರೂ ಕಣ್ಣು ಕಿರಿದು ಮಾಡಬೇಕಾಗಿಲ್ಲ. ಹೊಂಗೆ ಮರದ ಕೆಳಗೆ ನಿಲ್ಲೋಣ ಎಂದು ಕೆಲವರು ಹೇಳಿದರು. ಬೇಡ. ಎಲೆ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆ ಬೀಳುತ್ತದೆ, ಎಲ್ಲರೂ ಚಿರತೆ ಆಗುತ್ತೀರಿ.

ಉಳಿದದ್ದು ಸಣ್ಣ ಸಣ್ಣ ಕೆಲಸ. ಲೆನ್ಸನ್ನು ಮೊದಲು ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ಅರ್ಧಕ್ಕರ್ಧ ಮಬ್ಬು ಫೋಟೋಗೆ ಕಾರಣ ಬೆರಳಿನ ಎಣ್ಣೆ ಎಂದೇ ನನ್ನ ಅನಿಸಿಕೆ. ಮೊಬೈಲನ್ನು ಬೆಂಚಿನ ಮೇಲೆ ಇಟ್ಟಿಗೆ ಇಟ್ಟು ಆನಿಸಬೇಕು, ಕೈ ನಡುಗುವುದಿಲ್ಲ. ಹಿಂದಿನ ಕ್ಯಾಮೆರಾನೇ ಬಳಸಬೇಕು, ಸೆಲ್ಫಿಯದ್ದಲ್ಲ. ಬಹಳ ಹತ್ತಿರದಿಂದ ಅಗಲದ ಲೆನ್ಸಿನಲ್ಲಿ ತೆಗೆದರೆ ತುದಿಯಲ್ಲಿ ನಿಂತವರು ಹಿಗ್ಗಿದ ಹಾಗೆ ಬರುತ್ತಾರೆ, ಆದ್ದರಿಂದ ಹಿಂದೆ ಸರಿದು ನಿಲ್ಲಬೇಕು. ಮುಖದ ಮೇಲೆ ಬೆರಳಿಟ್ಟರೆ ಪರದೆಯಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಮಾಡಿ ಬೆಳಕು ಹೊಂದಿಸಬಹುದು. ಕೆಲವು ಮೊಬೈಲಿನಲ್ಲಿ ಅದು ಬೇರೆ ಕಡೆ ಇರುತ್ತದೆ. ಹತ್ತು ಸೆಕೆಂಡಿನ ಟೈಮರ್ ಇಟ್ಟರೆ ತೆಗೆಯುವವಳೂ ಓಡಿ ಬಂದು ಸಾಲಿನಲ್ಲಿ ನಿಲ್ಲಬಹುದು. ಒಂದಲ್ಲ, ಇಪ್ಪತ್ತು ತೆಗೆಯಬೇಕು. ಅಷ್ಟು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚೇ ಮುಚ್ಚುತ್ತಾರೆ. ಯಾರು ಅಂತ ಹೆಸರು ಬರೆಯಲ್ಲ, ಅವನಿಗೇ ಗೊತ್ತು.

ತೆಗೆದ ಮೇಲೆ ತಿದ್ದುವುದು. ತಿದ್ದಲೇಬಾರದು ಎಂದು ನಾನು ಹೇಳುವುದಿಲ್ಲ. ಓರೆಯಾಗಿದ್ದರೆ ನೆಟ್ಟಗೆ ಮಾಡಬಹುದು. ಪಕ್ಕದ ಕಸದ ಬುಟ್ಟಿಯನ್ನು ಅಂಚಿನಿಂದ ಕತ್ತರಿಸಬಹುದು. ನೆರಳಿನ ಬೆಳಕಿಗೆ ಸ್ವಲ್ಪ ನೀಲಿ ಛಾಯೆ ಇರುತ್ತದೆ, ಅದನ್ನು ಸರಿಮಾಡಬಹುದು. ಇದಕ್ಕೆಲ್ಲ ಸ್ನ್ಯಾಪ್‌ಸೀಡ್ ಎಂಬ ಆ್ಯಪ್ ಇದೆ, ದುಡ್ಡಿಲ್ಲ. ಆದರೆ ಚರ್ಮ ನುಣ್ಣಗೆ ಮಾಡುವ ಗುಂಡಿ, ಬೆಳ್ಳಗೆ ಮಾಡುವ ಗುಂಡಿ, ಗದ್ದ ಚೂಪು ಮಾಡುವ ಗುಂಡಿ, ಇವು ಮೂರನ್ನು ಮುಟ್ಟಕೂಡದು. ಈಗಂತೂ ಮೊಬೈಲೇ ಇಲ್ಲದವರನ್ನು ಸೇರಿಸುತ್ತದೆ, ಇರುವವರನ್ನು ಅಳಿಸುತ್ತದೆ. ನಾಳೆ ನಮಗೆ ಆಗದವನನ್ನು ಗ್ರೂಪ್ ಫೋಟೋದಿಂದ ಅಳಿಸಿದರೆ ಅವನು ನಮ್ಮ ಜೊತೆ ಓದೇ ಇಲ್ಲ ಅಂತ ಆಗುತ್ತದೆಯೇ? ಮಚ್ಚೆ ಅಳಿಸುವುದೂ ಅದೇ ಜಾತಿಯ ಕೆಲಸ ಎಂದು ನನ್ನ ವಾದ. ಫೋಟೋವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿಕ್ಕದಾಗಿ ಹೋಗುತ್ತದೆ, ಪ್ರಿಂಟು ಕೆಡುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಬೇಕು. ಪೇಟೆಯಲ್ಲಿ ವಿಚಾರಿಸಿದೆವು, ಚಿಕ್ಕ ಸೈಜಿನ ಪ್ರಿಂಟು ಇಪ್ಪತ್ತು ರೂಪಾಯಿ. ನೂರೈವತ್ತೆಲ್ಲಿ, ಇಪ್ಪತ್ತೆಲ್ಲಿ! ಅದೂ ಇಲ್ಲದವರಿಗೆ ಉಳಿದವರು ಸೇರಿ ಹಾಕೋಣ.

ಇದಕ್ಕೆ ಎರಡು ಆಕ್ಷೇಪಣೆ ಬಂದಿವೆ.

ಒಂದು, "ಫೋಟೋಗ್ರಾಫರ್ ಹೊಟ್ಟೆ ಮೇಲೆ ಹೊಡೆದಂಗಾಗಲ್ವಾ?" ಇದು ನಮ್ಮ ಕನ್ನಡ ಮೇಡಂ ಕೇಳಿದ್ದು. ನಾನು ಎರಡು ದಿನ ಯೋಚನೆ ಮಾಡಿದೆ. ಮದುವೆಗೆ, ಜಾತ್ರೆಗೆ, ಪಾಸ್‌ಪೋರ್ಟ್ ಸೈಜಿಗೆ ಅವರು ಬೇಕೇ ಬೇಕು. ಮದುವೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಧಾರೆ ಆದರೂ ಅವರು ಲೈಟು ಹಿಡಿದು ನಿಂತಿರುತ್ತಾರೆ, ಊಟ ಕೊನೇ ಪಂಕ್ತಿಯಲ್ಲಿ. ಆ ಕಷ್ಟ ನಮ್ಮಿಂದ ಆಗದು. ನಾವು ಬಿಡಿಸಿಕೊಳ್ಳುತ್ತಿರುವುದು ವರ್ಷಕ್ಕೆ ಒಂದು ಫೋಟೋ. ಬೇಕಾದರೆ ಪ್ರಿಂಟು ಅವರ ಹತ್ತಿರವೇ ಹಾಕಿಸೋಣ, ಬಿಳಿ ಮಾಡಬೇಡಿ ಎಂದು ಚೀಟಿ ಬರೆದು ಕೊಡೋಣ. ಮೇಡಂ ಇದಕ್ಕೆ ಏನೂ ಹೇಳಲಿಲ್ಲ, ನಕ್ಕರು.

ಎರಡನೆಯದು ನನಗೆ ಹೆಚ್ಚು ಬೇಸರ ತಂದದ್ದು. "ಹುಡ್ಗೀರ ಕೈಗೆ ಮೊಬೈಲ್ ಕೊಟ್ರೆ ಕೆಟ್ಟೋಗ್ತಾರೆ" ಅಂತ ಊರಿನ ಹಿರಿಯರೊಬ್ಬರು ಅಂದರು. ಅವರ ಮೊಮ್ಮಗ ದಿನವೆಲ್ಲ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಾನೆ, ಅವನ ಬಗ್ಗೆ ಏನೂ ಅನ್ನಲಿಲ್ಲ. ಹೋಮಾಯ್ ವ್ಯಾರಾವಾಲಾ ಎಂಬವರು ಗುಜರಾತಿನ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದವರು. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು, ದಿಲ್ಲಿಯಲ್ಲಿ ಸೈಕಲ್ ತುಳಿದುಕೊಂಡು ಹೋಗಿ ಫೋಟೋ ತೆಗೆಯುತ್ತಿದ್ದರು. ಸ್ವಾತಂತ್ರ್ಯ ಬಂದ ದಿನಗಳು, ನೆಹರೂ, ಗಾಂಧೀಜಿಯವರ ಅಂತ್ಯಯಾತ್ರೆ ಎಲ್ಲವನ್ನೂ ತೆಗೆದಿದ್ದಾರೆ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅವರ ಕೈಗೆ ಕ್ಯಾಮೆರಾ ಕೊಟ್ಟಿದ್ದಕ್ಕೆ ಏನು ಕೆಟ್ಟಿತು?

ಆದರೆ ಆ ಹಿರಿಯರ ಮಾತಿನಲ್ಲಿ ಒಂದು ಭಯ ಇದೆ, ಅದು ಸುಳ್ಳಲ್ಲ. ತೆಗೆದ ಫೋಟೋ ಯಾರ್ಯಾರ ಸ್ಟೇಟಸ್‌ಗೋ ಹೋಗುತ್ತದೆ. ಅದಕ್ಕೆ ನಾನು ಹೇಳುವುದು, ಕಲಿಯುವವರೆಲ್ಲ ಮೊದಲ ದಿನವೇ ಒಪ್ಪಿಕೊಳ್ಳಬೇಕು: ಕೇಳದೆ ಯಾರ ಫೋಟೋನೂ ತೆಗೆಯುವುದಿಲ್ಲ, ಬೇಡ ಅಂದರೆ ಅಳಿಸುತ್ತೇವೆ, ಶಾಲೆಯ ಒಂದು ಮೊಬೈಲ್ ಬಿಟ್ಟು ಬೇರೆಲ್ಲೂ ಇಡುವುದಿಲ್ಲ. ಹುಡುಗರಿಗೂ ಇದೇ ನಿಯಮ.

"ಫೋಟೋ ಕಲಿತು ಏನು ಉದ್ಯೋಗ?" ಎಂದು ಕೇಳುವವರಿಗೂ ಸ್ವಲ್ಪ ಹೇಳುತ್ತೇನೆ. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಇಡೀ ಬದುಕು ಇದನ್ನೇ ಮಾಡಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅವರು ತೆಗೆದದ್ದು ಸಾಮಾನ್ಯ ಮಕ್ಕಳನ್ನು, ನಮ್ಮಂಥವರನ್ನು. ಮೈಸೂರಿನವರೇ ಆದ ವಿ. ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಗುರುದತ್ ಅವರ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದರು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದರು. ಕ್ಯಾಮೆರಾಮನ್ ಒಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಥೆ ಬರೆಯುತ್ತಲೇ ಹಕ್ಕಿಗಳ ಫೋಟೋ ತೆಗೆದರು. ಪೊಲೀಸರಿಗೆ, ಆಸ್ಪತ್ರೆಗೆ, ಹಳೇ ದೇವಸ್ಥಾನ ಕಾಪಾಡುವ ಇಲಾಖೆಗೆ, ಪತ್ರಿಕೆಗೆ ಎಲ್ಲಕ್ಕೂ ಫೋಟೋದವರು ಬೇಕು. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ಇಳಿದು ವಿಕ್ರಮ್ ಲ್ಯಾಂಡರಿನ ಫೋಟೋ ತೆಗೆಯಿತಲ್ಲ, ಆ ಕ್ಯಾಮೆರಾ ಮಾಡಿದ್ದು ಬೆಂಗಳೂರಿನ ಪ್ರಯೋಗಾಲಯ. ಹಾಗಂತ ಇದರಲ್ಲಿ ಎಲ್ಲರಿಗೂ ಸಂಬಳದ ಕೆಲಸ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ನಮ್ಮ ಮಾವನ ಗೆಳೆಯರೊಬ್ಬರು ಕ್ಯಾಮೆರಾ ಸಾಲ ಮಾಡಿ ಕೊಂಡು ಮದುವೆ ಸೀಸನ್ ಮುಗಿದ ಮೇಲೆ ತೆಂಗಿನಕಾಯಿ ಸುಲಿಯಲು ಹೋಗುತ್ತಾರೆ.

ನನಗೆ ಉದ್ಯೋಗಕ್ಕಿಂತ ಬೇರೆ ಒಂದು ಕಾರಣ ಇದೆ. ನಮ್ಮ ಅಜ್ಜಿ ಹೋದ ಶ್ರಾವಣದಲ್ಲಿ ತೀರಿಕೊಂಡಿತು. ಎಪ್ಪತ್ತು ದಾಟಿತ್ತು. ಅಜ್ಜಿಗೆ ಇದ್ದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ. ರಾಗಿ ಬೀಸುವಾಗ ಹಾಡು ಹೇಳುತ್ತಿದ್ದ ಅಜ್ಜಿಯ ಮುಖ ಅದರಲ್ಲಿ ಇಲ್ಲ. ನಮ್ಮೂರಲ್ಲಿ ಇಂಥ ಮುದುಕ ಮುದುಕಿಯರು ಎಷ್ಟು ಜನ ಇದ್ದಾರೆ ಎಂದು ನಾವು ಮೂವರು ಎಣಿಸಿದೆವು, ಮೇಲಿನ ಕೇರಿ ಕೆಳಗಿನ ಕೇರಿ ಎರಡೂ ಸೇರಿ ನಲವತ್ತೊಂದು ಜನ. ಗ್ರೂಪ್ ಫೋಟೋಗೆ ಮೊದಲು ನಾವು ಅಭ್ಯಾಸ ಮಾಡಬೇಕಲ್ಲ, ಅವರ ಮೇಲೇ ಮಾಡೋಣ. ಬಾಗಿಲ ಪಕ್ಕದಲ್ಲಿ ಕೂರಿಸಿ, ಸಂಜೆಯ ಬೆಳಕಿನಲ್ಲಿ, ಒಬ್ಬೊಬ್ಬರದು ಒಂದು. ಸುಕ್ಕು ಸುಕ್ಕಾಗಿಯೇ ಬರಲಿ.

ಹೆಡ್‌ಮಾಸ್ಟರರಲ್ಲಿ ನನ್ನ ಬೇಡಿಕೆ ಇಷ್ಟೆ: ಬ್ಯಾಗ್ ಇಲ್ಲದ ಶನಿವಾರ ಒಂದು ಗಂಟೆ, ಮತ್ತು ಆಫೀಸಿನ ಬೀರುವಿನಲ್ಲಿರುವ ಶಾಲೆಯ ಹಳೇ ಮೊಬೈಲು. ವಿಜ್ಞಾನದ ಮೇಷ್ಟ್ರು ಜೊತೆಗಿರಲು ಒಪ್ಪಿದ್ದಾರೆ. ಸೇರುವವರು ಹೆಸರು ಬರೆದ ಚೀಟಿಯನ್ನು ಈ ಪತ್ರಿಕೆಯ ಕೆಳಗೆ ಮೊಳೆಗೆ ಸಿಕ್ಕಿಸಿರುವ ಡಬ್ಬಿಗೆ ಹಾಕಿ. ಆರನೇ ತರಗತಿಯವರೂ ಸೇರಬಹುದು, ಮುಂದಿನ ವರ್ಷ ನಿಮ್ಮದೇ ಸರದಿ. ಒಪ್ಪದವರು ಏಕೆ ಒಪ್ಪುವುದಿಲ್ಲ ಎಂದು ಬರೆಯಲಿ, ಎಡಗಡೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇವೆ. ದಯವಿಟ್ಟು ಪೆನ್ಸಿಲಿನಲ್ಲಿ ಬರೆಯಬೇಡಿ, ಮಸುಕಾಗುತ್ತದೆ.

ಏಳನೇ ತರಗತಿಯ ವಿದ್ಯಾರ್ಥಿನಿ